ಡೆವಲಪರ್‌ನಲ್ಲಿ ಒಂದರ ಬದಲು ಇನ್ನೊಂದು: ತೂಕಕ್ಕೆ ತೂಕ ಹಾಕಿದರೆ ಸಾಕೇ?

ಪ್ರಶ್ನೆ: ಕಪ್ಪು-ಬಿಳುಪು ಫಿಲ್ಮ್‌ಗೆ ಡಿ-76 ಡೆವಲಪರನ್ನು (ಫಿಲ್ಮ್‌ನಲ್ಲಿ ಚಿತ್ರ ಮೂಡಿಸುವ ದ್ರಾವಣ) ಮನೆಯಲ್ಲೇ ಬೆರೆಸಿಕೊಳ್ಳಬೇಕೆಂದಿದ್ದೇನೆ. ಹೈಡ್ರೋಕ್ವಿನೋನ್ ಇದೆ. ಮೆಟಾಲ್ ಸಿಗಲಿಲ್ಲ, ಅದರ ಬದಲು ಫೆನಿಡೋನ್ ಸಿಕ್ಕಿದೆ. ಸೋಡಿಯಂ ಸಲ್ಫೈಟ್ ಇಲ್ಲ, ಸೋಡಿಯಂ ಮೆಟಾಬೈಸಲ್ಫೈಟ್ ಇದೆ. ಬೊರಾಕ್ಸ್ ಬದಲು ವಾಷಿಂಗ್ ಸೋಡಾ ಹಾಕಿದರಾಯಿತು ಎಂದು ಗೆಳೆಯರೊಬ್ಬರು ಹೇಳಿದರು. ಸೂತ್ರದಲ್ಲಿರುವಷ್ಟೇ ತೂಕದಲ್ಲಿ ಇವನ್ನು ಬದಲಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. 100 ಗ್ರಾಂ ಸಲ್ಫೈಟ್ ಇರಬೇಕಾದ ಕಡೆ 100 ಗ್ರಾಂ ಮೆಟಾಬೈಸಲ್ಫೈಟ್ ಹಾಕಿ, ಅದಕ್ಕೆ 2 ಗ್ರಾಂ ವಾಷಿಂಗ್ ಸೋಡಾ ಸೇರಿಸಿದರೆ ಸಿಗುವುದು ಆಮ್ಲೀಯ ದ್ರಾವಣ. ಅದರಲ್ಲಿ ಫೆನಿಡೋನ್ ಆಗಲಿ ಹೈಡ್ರೋಕ್ವಿನೋನ್ ಆಗಲಿ ಕೆಲಸ ಮಾಡುವುದಿಲ್ಲ. ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ಫಿಕ್ಸರ್‌ನಿಂದ ತೆಗೆದಾಗ ಫಿಲ್ಮ್ ಪೂರ್ತಿ ತಿಳಿಯಾಗಿರುತ್ತದೆ. ಕಂಪನಿಯವರು ಅಂಚಿನಲ್ಲಿ ಮುದ್ರಿಸಿದ ಅಂಕಿಗಳೂ ಮೂಡಿರುವುದಿಲ್ಲ. ತೆಗೆದ ಚಿತ್ರಗಳು ಮತ್ತೆ ಸಿಗುವುದಿಲ್ಲ.

ಆದರೆ ನಿಮ್ಮ ಬಳಿ ಇರುವ ಸಾಮಾನು ಕೆಲಸಕ್ಕೆ ಬಾರದ್ದೇನಲ್ಲ. ಇನ್ನು ಮೂರ್ನಾಲ್ಕು ವಸ್ತು ಕೊಂಡರೆ ಅದರಿಂದಲೇ ಒಳ್ಳೆಯ ಡೆವಲಪರ್ ಆಗುತ್ತದೆ. ಅದಕ್ಕೆ ಮೊದಲು ಡಿ-76ರಲ್ಲಿ ಯಾವುದು ಏನು ಕೆಲಸ ಮಾಡುತ್ತಿದೆ ಎಂದು ನೋಡೋಣ. ವಸ್ತುವನ್ನು ಬದಲಿಸುವಾಗ ಅದರ ಕೆಲಸವನ್ನು ಇನ್ಯಾವುದಕ್ಕೆ ವಹಿಸುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಕೊಡಾಕ್ ಕಂಪನಿ 1920ರ ದಶಕದಲ್ಲಿ ಹೊರತಂದ ಸೂತ್ರವಿದು: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ (ಹರಳಿನಲ್ಲಿ ನೀರಿಲ್ಲದ) ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಬೆಳಕು ಬಿದ್ದ ಬೆಳ್ಳಿಯ ಹರಳನ್ನು ಕಪ್ಪು ಬೆಳ್ಳಿಯಾಗಿಸುವುದು ಮುಖ್ಯವಾಗಿ ಮೆಟಾಲ್. ಈ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಎಂಟೂವರೆಯ ಆಸುಪಾಸು. ಅಷ್ಟು ಕಡಿಮೆ ಕ್ಷಾರದಲ್ಲಿ ಹೈಡ್ರೋಕ್ವಿನೋನ್ ಒಂದೇ ಇದ್ದರೆ ಹೆಚ್ಚೇನೂ ಮಾಡಲಾರದು. ಬಳಕೆಯಾದ ಮೆಟಾಲನ್ನು ಮತ್ತೆ ಮೊದಲಿನ ರೂಪಕ್ಕೆ ತರುವುದು ಅದರ ಕೆಲಸ. ಸಲ್ಫೈಟ್ ಇವೆರಡನ್ನೂ ಗಾಳಿಯಿಂದ ಕಾಪಾಡುತ್ತದೆ, ಜೊತೆಗೆ ಬೆಳ್ಳಿಯ ಹರಳಿನ ಅಂಚನ್ನು ಒಂದಿಷ್ಟು ಕರಗಿಸಿ ಗ್ರೇನ್ (ಚಿತ್ರದಲ್ಲಿ ಕಾಣುವ ಬೆಳ್ಳಿಯ ಕಣಗಳು) ನಯವಾಗಿಸುತ್ತದೆ. ಕಾಪಾಡುವುದಷ್ಟೇ ಆಗಿದ್ದರೆ ಇದಕ್ಕಿಂತ ಎಷ್ಟೋ ಕಡಿಮೆ ಸಲ್ಫೈಟ್ ಸಾಕಿತ್ತು. ನೂರು ಗ್ರಾಂ ಬೇಕಾಗುವುದು ಈ ಎರಡನೆಯ ಕೆಲಸಕ್ಕೆ. ಕ್ಷಾರವನ್ನು ಬೇಕಾದ ಮಟ್ಟಕ್ಕೆ ತರುವುದು ಬೊರಾಕ್ಸ್.

ನಿಮ್ಮ ಮೂರು ಬದಲಾವಣೆಗಳಲ್ಲಿ ಮೆಟಾಲ್ ಜಾಗಕ್ಕೆ ಫೆನಿಡೋನ್ ತರುವುದನ್ನು ಮೊದಲು ನೋಡೋಣ. ಫೆನಿಡೋನ್ ಡೆವಲಪ್ ಮಾಡಬಲ್ಲದು ಎಂಬುದನ್ನು 1940ರಲ್ಲಿ ಕಂಡುಹಿಡಿದವರು ಇಲ್ಫೋರ್ಡ್ ಕಂಪನಿಯ ಕೆಂಡಾಲ್. ಹೈಡ್ರೋಕ್ವಿನೋನ್ ಜೊತೆಗಿದ್ದರೆ ಮೆಟಾಲ್‌ನ ಹತ್ತನೇ ಒಂದು ಪಾಲು ಫೆನಿಡೋನ್ ಸಾಕು ಎಂಬುದು ಬಳಕೆಯಲ್ಲಿರುವ ಲೆಕ್ಕ. ಎರಡು ಗ್ರಾಂ ಮೆಟಾಲ್ ಇದ್ದಲ್ಲಿ 0.2 ಗ್ರಾಂ, ಕೆಲವೊಮ್ಮೆ ಅದಕ್ಕೂ ಕಡಿಮೆ. ನೀವು ಎರಡು ಗ್ರಾಂ ಹಾಕಿದ್ದರೆ ಹತ್ತು ಪಟ್ಟು ಹೆಚ್ಚಾಗುತ್ತಿತ್ತು. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಬೆರಳುಗಳು ಕೆಂಪಾಗಿ ತುರಿಸುತ್ತವೆ. ಅಂಥವರಿಗೆ ಫೆನಿಡೋನ್ ದೊಡ್ಡ ಅನುಕೂಲ.

ಇಲ್ಲಿ ಬಹಳ ಜನರ ಕಣ್ತಪ್ಪಿಸುವ ಸಂಗತಿಯೊಂದಿದೆ. ನಮಗೆ ಸಿಗುವ ಮೆಟಾಲ್ ಪುಡಿ ಒಂದು ಸಲ್ಫೇಟ್ ಲವಣ. ನೀರಿಗೆ ಬಿದ್ದಾಗ ಅದು ಆಮ್ಲವನ್ನೂ ಜೊತೆಗೆ ತರುತ್ತದೆ. ಲೆಕ್ಕ ಹಾಕಿ ನೋಡಿದರೆ, ಡಿ-76ರ 2 ಗ್ರಾಂ ಮೆಟಾಲ್ ತರುವ ಆಮ್ಲವೂ 2 ಗ್ರಾಂ ಬೊರಾಕ್ಸ್ ಕೊಡುವ ಕ್ಷಾರವೂ ಹೆಚ್ಚುಕಡಿಮೆ ಸಮ. ಅಂದರೆ ಆ ಸೂತ್ರದ ಬೊರಾಕ್ಸ್ ಬಹುಪಾಲು ಮೆಟಾಲ್‌ನ ಆಮ್ಲವನ್ನು ತಣಿಸುವುದರಲ್ಲೇ ಖರ್ಚಾಗುತ್ತದೆ. ಫೆನಿಡೋನ್‌ನಲ್ಲಿ ಅಂಥ ಆಮ್ಲವಿಲ್ಲ. ಮೆಟಾಲ್ ತೆಗೆದು ಫೆನಿಡೋನ್ ಹಾಕಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಬಿಟ್ಟರೆ ಪಿಎಚ್ ತಾನಾಗಿಯೇ ಮೇಲೇರುತ್ತದೆ. ನೀವು ಬದಲಿಸಿದ್ದು ಒಂದೇ ವಸ್ತು, ಬದಲಾದದ್ದು ಎರಡು ಸಂಗತಿ. ಫೆನಿಡೋನ್ ಇರುವ ನಯವಾದ ಗ್ರೇನ್‌ನ ಸೂತ್ರಗಳಲ್ಲಿ ಬೊರಾಕ್ಸ್ ಜೊತೆಗೆ ಬೋರಿಕ್ ಆಮ್ಲ ಕಾಣಿಸುವುದು ಇದೇ ಕಾರಣಕ್ಕೆ. ಫಾಗ್ (ಬೆಳಕು ಬೀಳದ ಕಡೆಯೂ ಕವಿಯುವ ಮಸುಕು) ತಡೆಯುವ ಬ್ರೋಮೈಡ್ ಡಿ-76ರಲ್ಲಿ ಇಲ್ಲ, ಆದರೆ ಫೆನಿಡೋನ್ ಸೂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನೂ ಮರೆಯುವಂತಿಲ್ಲ.

ಫೆನಿಡೋನ್‌ಗೆ ಹೈಡ್ರೋಕ್ವಿನೋನ್‌ನಂಥ ಜೊತೆಗಾರ ಬೇಕೇ ಬೇಕು. 7.5 ಗ್ರಾಂ ಮೆಟಾಲ್ ಮತ್ತು 100 ಗ್ರಾಂ ಸಲ್ಫೈಟ್ ಮಾತ್ರ ಇರುವ ಡಿ-23ರಲ್ಲಿ ಮೆಟಾಲ್ ತೆಗೆದು ಫೆನಿಡೋನ್ ಹಾಕಿದರೆ ಸಾಮಾನ್ಯ ಫಿಲ್ಮ್‌ನಲ್ಲಿ ಕಾಂಟ್ರಾಸ್ಟ್ ತೀರಾ ಸಪ್ಪೆಯಾಗುತ್ತದೆ. ಫೆನಿಡೋನ್ ಮತ್ತು ಸಲ್ಫೈಟ್ ಮಾತ್ರ ಇರುವ ಪೋಟಾ ಎಂಬ ಸೂತ್ರವೇ ಒಂದಿದೆ. ಅದನ್ನು ಬಳಸುವುದು ವಿಪರೀತ ಕಾಂಟ್ರಾಸ್ಟ್ ಇರುವ ತಾಂತ್ರಿಕ ಫಿಲ್ಮ್‌ಗಳನ್ನು ಪಳಗಿಸುವುದಕ್ಕೆ.

ಇನ್ನು ಬೊರಾಕ್ಸ್ ಬದಲು ವಾಷಿಂಗ್ ಸೋಡಾ ಎಂಬ ನಿಮ್ಮ ಗೆಳೆಯರ ಸಲಹೆ. ಎರಡೂ ಕ್ಷಾರವೇ, ಆದರೆ ಒಂದೇ ಬಲದವಲ್ಲ. ಬೊರಾಕ್ಸ್ ದ್ರಾವಣ ಎಷ್ಟು ತೆಳುವಾಗಿದ್ದರೂ ದಪ್ಪವಾಗಿದ್ದರೂ ಪಿಎಚ್ 9.2ರ ಹತ್ತಿರವೇ ನಿಲ್ಲುತ್ತದೆ. ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಸುಲಭವಾಗಿ 11 ದಾಟುತ್ತದೆ. ಡಿ-76ರಲ್ಲಿ ಎರಡು ಗ್ರಾಂ ಬೊರಾಕ್ಸ್ ತೆಗೆದು ಎರಡು ಗ್ರಾಂ ನಿರ್ಜಲ ಕಾರ್ಬೊನೇಟ್ ಹಾಕಿದರೆ ಪಿಎಚ್ ಸುಮಾರು 10ಕ್ಕೆ ಜಿಗಿಯುತ್ತದೆ. ಮೆಟಾಲ್ ಇಲ್ಲದೆ ಫೆನಿಡೋನ್ ಇದ್ದರೆ ಅದಕ್ಕೂ ಮೇಲೆ. ಆಗ ಅಷ್ಟು ಹೊತ್ತು ಹಿನ್ನೆಲೆಯಲ್ಲಿದ್ದ ಹೈಡ್ರೋಕ್ವಿನೋನ್ ತಾನೇ ಮುಂದೆ ಬಂದು ಬೆಳ್ಳಿಯನ್ನು ಕಪ್ಪಾಗಿಸತೊಡಗುತ್ತದೆ. ಆಕಾಶದಂಥ ಬೆಳಕಿನ ಭಾಗಗಳು ನೆಗೆಟಿವ್‌ನಲ್ಲಿ ದಟ್ಟವಾಗಿ ಮುಚ್ಚಿಹೋಗುತ್ತವೆ, ಗ್ರೇನ್ ಎದ್ದು ಕಾಣುತ್ತದೆ, ಖಾಲಿ ಜಾಗದಲ್ಲೂ ಫಾಗ್ ಕವಿಯುತ್ತದೆ. ಚಿತ್ರ ಬರುತ್ತದೆ ನಿಜ, ಆದರೆ ಅದು ಡಿ-76ರ ಚಿತ್ರವಲ್ಲ.

ಬೊರಾಕ್ಸ್ ಸಿಗದಿದ್ದರೆ ಅದನ್ನೇ ತಯಾರಿಸಿಕೊಳ್ಳುವ ದಾರಿಯಿದೆ. ಬೋರಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾ ನೀರಿನಲ್ಲಿ ಸೇರಿದಾಗ ಆಗುವುದು ಬೊರಾಕ್ಸೇ. ಎರಡು ಗ್ರಾಂ ಬೊರಾಕ್ಸ್‌ಗೆ 1.3 ಗ್ರಾಂ ಬೋರಿಕ್ ಆಮ್ಲ ಮತ್ತು 0.42 ಗ್ರಾಂ ಕಾಸ್ಟಿಕ್ ಸೋಡಾ. ಇಷ್ಟು ಸಣ್ಣ ತೂಕವನ್ನು ಮನೆಯ ತಕ್ಕಡಿ ಸರಿಯಾಗಿ ತೋರಿಸುವುದಿಲ್ಲ. ಹತ್ತು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ 100 ಮಿಲಿಲೀಟರ್ ದ್ರಾವಣ ಮಾಡಿಟ್ಟುಕೊಂಡು 4.2 ಮಿಲಿಲೀಟರ್ ಅಳೆದು ಹಾಕಿ. ಕಾಸ್ಟಿಕ್ ಸೋಡಾವನ್ನು ಯಾವಾಗಲೂ ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಪುಡಿಯ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ ಇಲ್ಲದೆ ಅದರ ಡಬ್ಬಿಯ ಮುಚ್ಚಳ ತೆಗೆಯಲೇಬೇಡಿ. ಅದು ಕಣ್ಣಿಗೆ ಬಿದ್ದರೆ ಆಗುವ ಹಾನಿ ಶಾಶ್ವತ.

ಹಳೆಯ ಸೂತ್ರಗಳಲ್ಲಿ ಕೊಡಾಲ್ಕ್ ಎಂಬ ಹೆಸರು ಕಂಡರೆ ಅದು ಸೋಡಿಯಂ ಮೆಟಾಬೋರೇಟ್. ಅದನ್ನೂ ಹೀಗೆಯೇ ಮಾಡಿಕೊಳ್ಳಬಹುದು: ಹತ್ತು ಗ್ರಾಂ ಬೇಕಿದ್ದಲ್ಲಿ 6.9 ಗ್ರಾಂ ಬೊರಾಕ್ಸ್, 1.45 ಗ್ರಾಂ ಕಾಸ್ಟಿಕ್ ಸೋಡಾ.

ಮೆಟಾಬೈಸಲ್ಫೈಟ್‌ನಿಂದ ಸಲ್ಫೈಟ್ ಮಾಡಲು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. 75.4 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್‌ಗೆ 31.7 ಗ್ರಾಂ ಕಾಸ್ಟಿಕ್ ಸೋಡಾ ಸೇರಿದರೆ 100 ಗ್ರಾಂ ಸಲ್ಫೈಟ್. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ಆದರೂ ಡಿ-76ರ ಜಾತಿಯ ಡೆವಲಪರ್‌ಗೆ ಈ ದಾರಿ ಬೇಡ ಎನ್ನುತ್ತೇನೆ. ಕಾಸ್ಟಿಕ್ ಸೋಡಾ ಗಾಳಿಯಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತಲೇ ಇರುತ್ತದೆ. ಒಂದೆರಡು ಬಾರಿ ತೆರೆದು ಮುಚ್ಚಿದ ಡಬ್ಬಿಯಲ್ಲಿರುವುದು ಪೂರ್ತಿ ಕಾಸ್ಟಿಕ್ ಸೋಡಾ ಅಲ್ಲ. ಅದರ ಬಲ ಬರೀ ಶೇಕಡಾ ಒಂದರಷ್ಟು ಕಡಿಮೆಯಿದೆ ಎಂದಿಟ್ಟುಕೊಳ್ಳಿ. 31.7 ಗ್ರಾಂನಲ್ಲಿ ಸುಮಾರು 0.3 ಗ್ರಾಂ ಕೊರತೆ. ಆಗ ತಣಿಯದೆ ಉಳಿಯುವ ಬೈಸಲ್ಫೈಟ್ (ಮೆಟಾಬೈಸಲ್ಫೈಟ್ ನೀರಿನಲ್ಲಿ ತಳೆಯುವ ಆಮ್ಲೀಯ ರೂಪ), ಎರಡು ಗ್ರಾಂ ಬೊರಾಕ್ಸ್ ಕೊಡುವ ಕ್ಷಾರದ ಮುಕ್ಕಾಲು ಪಾಲನ್ನು ನುಂಗಿಹಾಕುತ್ತದೆ. ಶೇಕಡಾ ಒಂದು ಹೆಚ್ಚಾದರೆ ಅಷ್ಟೇ ಕ್ಷಾರ ಹೆಚ್ಚುವರಿಯಾಗಿ ಉಳಿಯುತ್ತದೆ. ಎರಡು ಬಾರಿ ಬೆರೆಸಿದರೆ ಎರಡು ಬಗೆಯ ಡೆವಲಪರ್ ಆಗುತ್ತದೆ, ಒಂದೇ ಸಮಯ ಡೆವಲಪ್ ಮಾಡಿದರೂ ನೆಗೆಟಿವ್‌ಗಳು ಒಂದೇ ಥರ ಬರುವುದಿಲ್ಲ. ಒಳ್ಳೆಯ ಪಿಎಚ್ ಮೀಟರ್ ಇದ್ದು, ಸರಿಪಡಿಸುವ ತಾಳ್ಮೆಯಿದ್ದರೆ ಆ ಮಾತು ಬೇರೆ.

ಅದೇ ವಿಧಾನ ಕಾಗದದ ಮೇಲೆ ಚಿತ್ರ ಮುದ್ರಿಸುವ ಡಿ-72 ಡೆವಲಪರ್‌ಗೆ ನಡೆಯುತ್ತದೆ. ಅದರಲ್ಲಿ ಸಲ್ಫೈಟ್ 45 ಗ್ರಾಂ, ನಿರ್ಜಲ ಕಾರ್ಬೊನೇಟ್ ಬರೋಬ್ಬರಿ 67.5 ಗ್ರಾಂ. ಅಷ್ಟು ಕಾರ್ಬೊನೇಟ್ ಇರುವಲ್ಲಿ ಸಣ್ಣಪುಟ್ಟ ತಪ್ಪು ಮುಳುಗಿಹೋಗುತ್ತದೆ. 33.9 ಗ್ರಾಂ ಮೆಟಾಬೈಸಲ್ಫೈಟ್, 14.3 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ಕಾಸ್ಟಿಕ್ ಬದಲು ಇನ್ನಷ್ಟು ಕಾರ್ಬೊನೇಟ್ ಹಾಕಿ ತಣಿಸುತ್ತೇನೆ ಎಂದರೆ, ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗದೆ ಬೈಕಾರ್ಬೊನೇಟ್ ಆಗಿ ಒಳಗೇ ಉಳಿದು ಪಿಎಚ್ ಇಳಿಸುತ್ತದೆ. ಹಾಗಾಗಿ ಇಲ್ಲಿ ಕಾಸ್ಟಿಕ್ಕೇ ಸರಿ. ಮೆಟಾಬೈಸಲ್ಫೈಟ್ ಕರಗಿಸುವಾಗ ಮೂಗಿಗೆ ಅಡರುವ ಘಾಟು ಸಲ್ಫರ್ ಡೈಆಕ್ಸೈಡ್‌ನದು. ಕಿಟಕಿ ತೆರೆದಿಡಿ, ಆಸ್ತಮಾ ಇರುವವರು ಅದರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಸಲ್ಫೈಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಸಲ್ಫೇಟ್ ಡೆವಲಪರ್‌ನಲ್ಲಿ ಏನೂ ಕಾಪಾಡುವುದಿಲ್ಲ. ಥಯೋಸಲ್ಫೇಟ್ ಎಂಬುದು ಫಿಕ್ಸರ್, ಅದು ಬೆಳ್ಳಿಯ ಲವಣವನ್ನೇ ಕರಗಿಸಿಬಿಡುತ್ತದೆ. ಸಲ್ಫೈಡ್ ಅಂತೂ ಅಪಾಯಕಾರಿ, ಆಮ್ಲ ತಾಗಿದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಬಹುಕಾಲ ತೆರೆದಿಟ್ಟ ಸಲ್ಫೈಟ್ ಗಾಳಿಗೆ ಮೆಲ್ಲಗೆ ಸಲ್ಫೇಟ್ ಆಗಿಬಿಡುತ್ತದೆ, ನೋಟದಲ್ಲಿ ಮಾತ್ರ ಅದೇ ಬಿಳಿ ಪುಡಿ. ಚಿಟಿಕೆಯಷ್ಟನ್ನು ನೀರಿನಲ್ಲಿ ಕರಗಿಸಿ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ ಬಿಡಿ. ಸಲ್ಫೈಟ್ ಉಳಿದಿದ್ದರೆ ಕಂದು ಬಣ್ಣ ಆ ಕ್ಷಣವೇ ಮಾಯವಾಗುತ್ತದೆ. ಬಣ್ಣ ಹಾಗೇ ನಿಂತರೆ ಆ ಪುಡಿಯನ್ನು ಡೆವಲಪರ್‌ಗೆ ಬಳಸಬೇಡಿ.

ಕೆಲವು ಬದಲಾವಣೆಗಳು ಬರೀ ಲೆಕ್ಕದವು, ಅಲ್ಲಿ ಹೆದರಬೇಕಾಗಿಲ್ಲ. ಒಂದೇ ವಸ್ತು ತನ್ನ ಹರಳಿನೊಳಗೆ ಬೇರೆ ಬೇರೆ ಪ್ರಮಾಣದ ನೀರನ್ನು ಹಿಡಿದಿಟ್ಟುಕೊಂಡು ಬರುತ್ತದೆ. ಸಲ್ಫೈಟ್ ಹರಳಿನ ರೂಪದಲ್ಲಿದ್ದರೆ ನಿರ್ಜಲ ಪುಡಿಯ ಎರಡರಷ್ಟು ತೂಕ ಬೇಕು. ಒಂದು ಗ್ರಾಂ ನಿರ್ಜಲ ಕಾರ್ಬೊನೇಟ್‌ಗೆ ಮಾನೋಹೈಡ್ರೇಟ್ ಆದರೆ 1.17 ಗ್ರಾಂ, ದೊಡ್ಡ ದೊಡ್ಡ ಪಾರಕ ಹರಳಿನ ವಾಷಿಂಗ್ ಸೋಡಾ ಆದರೆ 2.7 ಗ್ರಾಂ. ಬೊರಾಕ್ಸ್ ಪೆಂಟಾಹೈಡ್ರೇಟ್ ರೂಪದಲ್ಲಿದ್ದರೆ ಸೂತ್ರದ ತೂಕದ ಮುಕ್ಕಾಲಿಗಿಂತ ಚೂರು ಹೆಚ್ಚು, 0.76 ಪಾಲು. ಪೊಟ್ಯಾಸಿಯಂ ಬ್ರೋಮೈಡ್ ಬದಲು ಸೋಡಿಯಂ ಬ್ರೋಮೈಡ್ ಹಾಕುವುದಾದರೆ 0.86 ಪಾಲು. ಸೋಡಿಯಂ ಕಾರ್ಬೊನೇಟ್ ಬದಲು ಪೊಟ್ಯಾಸಿಯಂ ಕಾರ್ಬೊನೇಟ್ ಆದರೆ 1.3 ಪಾಲು.

ವಾಷಿಂಗ್ ಸೋಡಾದ ತೊಂದರೆಯೆಂದರೆ ತೆರೆದಿಟ್ಟ ಹರಳು ನೀರನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ಹೊರಗೆ ಬಿಳಿ ಹುಡಿ, ಒಳಗೆ ಇನ್ನೂ ಹರಳು. ಅಂಥದ್ದಕ್ಕೆ 2.7 ಎಂಬ ಲೆಕ್ಕ ಹೊಂದುವುದಿಲ್ಲ. ಬಟ್ಟೆ ಒಗೆಯಲೆಂದು ಮಾರುವ ಪ್ಯಾಕೆಟ್‌ಗಳಲ್ಲಿ ಸುವಾಸನೆಯೋ ಸೋಪಿನ ಅಂಶವೋ ಸೇರಿರಬಹುದು. ನನಗೆ ಇದಕ್ಕಿಂತ ನಂಬಿಕೆಯಿರುವುದು ಅಡುಗೆ ಸೋಡಾದ ಮೇಲೆ. ಅದನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಟ್ಟರೆ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ನಿರ್ಜಲ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. 100 ಗ್ರಾಂ ಹಾಕಿದ್ದರೆ 63 ಗ್ರಾಂ ಉಳಿಯಬೇಕು. 70 ಗ್ರಾಂ ಇದ್ದರೆ ಇನ್ನೂ ಆಗಿಲ್ಲ, ಕದಡಿ ಮತ್ತೆ ಒಳಗಿಡಿ. ಎರಡು ಸಲ ತೂಗಿದಾಗ ತೂಕ ಒಂದೇ ಬಂದರೆ ಮುಗಿಯಿತು. ತಣ್ಣಗಾದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ. ಎಷ್ಟು ಬಲದ ವಸ್ತು ಕೈಯಲ್ಲಿದೆ ಎಂಬುದನ್ನು ತಕ್ಕಡಿಯೇ ಹೇಳುವುದರಿಂದ ಈ ಕೆಲಸ ನನಗೆ ತುಂಬಾ ಇಷ್ಟ.

ಇನ್ನು ಕೆಲವನ್ನು ಬದಲಿಸಲೇಬಾರದು. ಬ್ರೋಮೈಡ್ ಬದಲು ಅಡುಗೆ ಉಪ್ಪು ಬೇಡ. ಕ್ಲೋರೈಡ್ ಫಾಗ್ ತಡೆಯುವುದರಲ್ಲಿ ತೀರಾ ದುರ್ಬಲ, ಹೆಚ್ಚು ಹಾಕಿದರೆ ಬೆಳ್ಳಿಯನ್ನು ಕರಗಿಸುವ ಕೆಲಸಕ್ಕಿಳಿಯುತ್ತದೆ. ಹೈಡ್ರೋಕ್ವಿನೋನ್ ಬದಲು ಕ್ಯಾಟೆಕಾಲ್ ಬೇಡ. ಎರಡರ ಅಣುತೂಕ ಒಂದೇ, ಸ್ವಭಾವ ಬೇರೆ. ಕಾರ್ಬೊನೇಟ್ ಬದಲು ಕಾಸ್ಟಿಕ್ ಸೋಡಾ ಬೇಡ. ಅದು ಪಿಎಚ್ ಏರಿಸುತ್ತದೆಯೇ ಹೊರತು ಡೆವಲಪ್ ಆಗುವಾಗ ಹುಟ್ಟುವ ಆಮ್ಲವನ್ನು ತಡೆದುಕೊಂಡು ಪಿಎಚ್ ಹಿಡಿದಿಡುವುದಿಲ್ಲ. ಹೈಡ್ರೋಕ್ವಿನೋನ್ ಬದಲು ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ ಹಾಕುವ ಒಳ್ಳೆಯ ಸೂತ್ರಗಳಿವೆ, ಕೊಡಾಕ್‌ನ ಎಕ್ಸ್‌ಟಾಲ್‌ನಲ್ಲಿರುವುದು ಅದರ ಹತ್ತಿರದ ಸಂಬಂಧಿ. ಆದರೆ ಅದು ಹೆಸರಿಗೆ ತಕ್ಕಂತೆ ಆಮ್ಲ. ಒಂದು ಗ್ರಾಂ ತಣಿಯಲು ಸುಮಾರು ಅರ್ಧ ಗ್ರಾಂ ಅಡುಗೆ ಸೋಡಾ ಬೇಕು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದು ಬೇಗ ಕೆಡುತ್ತದೆ, ಕೆಟ್ಟರೂ ಬಣ್ಣ ಬದಲಿಸಿ ಮುನ್ಸೂಚನೆ ಕೊಡುವುದಿಲ್ಲ. ಡಿ-76ರೊಳಗೆ ಅದನ್ನು ತುರುಕುವ ಬದಲು ಅದಕ್ಕೆಂದೇ ಇರುವ ಸೂತ್ರ ಹಿಡಿಯಿರಿ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಡಿ-76ನ್ನು ಬಿಟ್ಟುಬಿಡಿ. ಫೆನಿಡೋನ್‌ಗೆಂದೇ ಇಲ್ಫೋರ್ಡ್‌ನ ಐಡಿ-68 ಎಂಬ ಸೂತ್ರವಿದೆ. ಒಂದು ಲೀಟರಿಗೆ ನಿರ್ಜಲ ಸಲ್ಫೈಟ್ 85 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 7 ಗ್ರಾಂ, ಬೋರಿಕ್ ಆಮ್ಲ 2 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 1 ಗ್ರಾಂ, ಫೆನಿಡೋನ್ 0.13 ಗ್ರಾಂ. ನೀವು ಕೊಳ್ಳಬೇಕಾದದ್ದು ಸಲ್ಫೈಟ್, ಬೋರಿಕ್ ಆಮ್ಲ, ಬ್ರೋಮೈಡ್ ಮತ್ತು ಬೊರಾಕ್ಸ್. ಬೊರಾಕ್ಸ್ ಸಿಗದಿದ್ದರೆ ಬೋರಿಕ್ ಆಮ್ಲವನ್ನೇ ಒಟ್ಟು 6.5 ಗ್ರಾಂಗೆ ಏರಿಸಿ, ಮೇಲೆ ಹೇಳಿದ ಕಾಸ್ಟಿಕ್ ದ್ರಾವಣ 14.7 ಮಿಲಿಲೀಟರ್ ಸೇರಿಸಿ. ಬೊರಾಕ್ಸೂ ಬೋರಿಕ್ ಆಮ್ಲವೂ ಒಟ್ಟಿಗೆ ಇರುವುದರಿಂದ ಇಲ್ಲಿ ಪಿಎಚ್ ಸುಲಭಕ್ಕೆ ಅಲುಗಾಡುವುದಿಲ್ಲ. ಡಿ-76 ಇಟ್ಟಲ್ಲೇ ಇದ್ದರೂ ಅದರ ಪಿಎಚ್ ನಿಧಾನವಾಗಿ ಏರುವ ದೋಷವಿದೆ. ಅದಕ್ಕಾಗಿ ಕೊಡಾಕ್‌ನವರೇ ಬೊರಾಕ್ಸ್ 8 ಗ್ರಾಂ, ಬೋರಿಕ್ ಆಮ್ಲ 8 ಗ್ರಾಂ ಇರುವ ಡಿ-76ಡಿ ಎಂಬ ರೂಪವನ್ನೂ ಕೊಟ್ಟಿದ್ದಾರೆ.

0.13 ಗ್ರಾಂ ಫೆನಿಡೋನ್ ತೂಗಲು ಹೋಗಬೇಡಿ. ಒಂದು ಗ್ರಾಂ ಫೆನಿಡೋನನ್ನು ಬೆಚ್ಚಗಿನ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಿಟ್ಟುಕೊಂಡರೆ ಪ್ರತಿಸಲ 13 ಮಿಲಿಲೀಟರ್ ಸಾಕು. ಗ್ಲೈಕಾಲ್‌ನಲ್ಲಿ ಅದು ಬಹಳ ಕಾಲ ಕೆಡದೆ ಇರುತ್ತದೆ. ಭಟ್ಟಿ ಇಳಿಸಿದ ನೀರು 750 ಮಿಲಿಲೀಟರನ್ನು 50 ಡಿಗ್ರಿಗೆ ಬಿಸಿ ಮಾಡಿ, ಮೊದಲು ಸಲ್ಫೈಟ್, ಅದು ಪೂರ್ತಿ ಕರಗಿದ ಮೇಲೆ ಹೈಡ್ರೋಕ್ವಿನೋನ್, ಆಮೇಲೆ ಬೊರಾಕ್ಸ್, ಬೋರಿಕ್ ಆಮ್ಲ, ಬ್ರೋಮೈಡ್, ಕೊನೆಗೆ ಫೆನಿಡೋನ್. ನಂತರ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ಮುಂದೆ ಮೆಟಾಲ್ ಸಿಕ್ಕಿ ಡಿ-76 ಬೆರೆಸುವಾಗ ಕ್ರಮ ಬೇರೆ. ದಟ್ಟವಾದ ಸಲ್ಫೈಟ್‌ನಲ್ಲಿ ಮೆಟಾಲ್ ಸರಿಯಾಗಿ ಕರಗದ ಕಾರಣ ಒಂದು ಚಿಟಿಕೆ ಸಲ್ಫೈಟ್ ಹಾಕಿ, ಮೆಟಾಲ್ ಕರಗಿಸಿ, ಆಮೇಲೆ ಉಳಿದ ಸಲ್ಫೈಟ್ ಹಾಕಬೇಕು. ಅಡುಗೆಗೆ ಬಳಸುವ ಪಾತ್ರೆ, ಚಮಚ ಯಾವುದನ್ನೂ ಇದಕ್ಕೆ ತರಬೇಡಿ. ಹೈಡ್ರೋಕ್ವಿನೋನ್ ಪುಡಿ ಹಾರಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಮೊದಲ ಸಲವೇ ಬೇಕಾದ ಚಿತ್ರಗಳಿರುವ ರೋಲನ್ನು ಇದಕ್ಕೆ ಒಡ್ಡಬೇಡಿ. ಕ್ಯಾಮೆರಾಗೆ ಹಾಕುವಾಗ ಬೆಳಕು ತಿಂದ ಫಿಲ್ಮ್ ತುದಿಯ ಒಂದು ತುಂಡನ್ನು, ಬೆಳಕಿನಲ್ಲೇ, ಡೆವಲಪರ್ ಇರುವ ಲೋಟಕ್ಕೆ ಅರ್ಧ ಅದ್ದಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಅದ್ದಿದ ಭಾಗ ಕಪ್ಪಾಗುತ್ತಾ ಬರಬೇಕು. ಬರದಿದ್ದರೆ ಬೆರೆಸುವುದರಲ್ಲೇ ತಪ್ಪಾಗಿದೆ. ಇದು ಡೆವಲಪರ್‌ಗೆ ಜೀವವಿದೆಯೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ, ಸಮಯವನ್ನು ಹೇಳುವುದಿಲ್ಲ. ಸಮಯಕ್ಕೆ ಒಂದು ರೋಲ್ ಪೂರ್ತಿ ಒಂದೇ ದೃಶ್ಯವನ್ನು, ಒಂದೇ ಬೆಳಕಿನಲ್ಲಿ, ಒಂದೇ ಎಕ್ಸ್‌ಪೋಶರ್‌ನಲ್ಲಿ ತೆಗೆಯಿರಿ. ಗಾಢ ನೆರಳೂ ಬಿಳಿ ಗೋಡೆಯೂ ಅದರಲ್ಲಿರಲಿ. ಕತ್ತಲಲ್ಲಿ ಅದನ್ನು ಮೂರು ತುಂಡು ಮಾಡಿ, ನಿಮ್ಮ ಫಿಲ್ಮ್‌ಗೆ ಡಿ-76ರಲ್ಲಿ ಹೇಳಿರುವ ಸಮಯವನ್ನು ನಡುವಿಗಿಟ್ಟುಕೊಂಡು, ಒಂದನ್ನು ಅದಕ್ಕಿಂತ ಶೇಕಡಾ 20 ಕಡಿಮೆ, ಇನ್ನೊಂದನ್ನು ಶೇಕಡಾ 20 ಹೆಚ್ಚು ಹೊತ್ತು, 20 ಡಿಗ್ರಿಯಲ್ಲಿ ಡೆವಲಪ್ ಮಾಡಿ. ಒಣಗಿದ ಮೇಲೆ ಮೂರನ್ನೂ ಮುದ್ರಿತ ಅಕ್ಷರಗಳ ಮೇಲಿಟ್ಟು ನೋಡಿ. ಬಿಳಿ ಗೋಡೆಯ ಅತಿ ದಟ್ಟ ಭಾಗದ ಮೂಲಕವೂ ಅಕ್ಷರಗಳನ್ನು ಕಷ್ಟಪಟ್ಟು ಓದಲು ಬರುತ್ತಿದ್ದರೆ ಆ ಸಮಯ ಹೆಚ್ಚುಕಡಿಮೆ ಸರಿ. ಫ್ರೇಮ್‌ಗಳ ನಡುವಿನ ಖಾಲಿ ಜಾಗ ಮೂರರಲ್ಲೂ ಆ ಫಿಲ್ಮ್‌ನ ಸಹಜ ಛಾಯೆಗಿಂತ ಹೆಚ್ಚು ಬೂದಿ ಬಣ್ಣಕ್ಕಿದ್ದರೆ ಅದು ಫಾಗ್. ಆಗ ಸಮಯವನ್ನು ಮುಟ್ಟಬೇಡಿ, ಬ್ರೋಮೈಡನ್ನು ಅರ್ಧ ಗ್ರಾಂ ಹೆಚ್ಚಿಸಿ ಇನ್ನೊಂದು ರೋಲ್‌ನಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನು ಎಷ್ಟು ಹಾಕಿದಿರಿ, ಎಂದು ಬೆರೆಸಿದಿರಿ ಎಂಬುದನ್ನು ಬಾಟಲಿಯ ಮೇಲೇ ಬರೆದಿಡಿ.